ಚೆಂಡೆಯ ಪೆಟ್ಟಿಗೆ ಎಷ್ಟು ವ್ಯಾಟ್?

ತೊಂಬತ್ತರ ದಶಕದಲ್ಲಿ ಟೇಪ್‌ರೆಕಾರ್ಡರ್ ಕೊಂಡವರಿಗೆಲ್ಲ ‘ಪಿಎಂಪಿಒ’ ಎಂಬ ನಾಲ್ಕಕ್ಷರ ನೆನಪಿರುತ್ತದೆ. ಮುಂಭಾಗದಲ್ಲಿ 1000 ವ್ಯಾಟ್ ಎಂದು ಹೊಳೆಯುವ ಸ್ಟಿಕ್ಕರ್. ಹಿಂಭಾಗದ ಸಣ್ಣ ಪಟ್ಟಿಯಲ್ಲಿ ನೋಡಿದರೆ, ಆ ಪೆಟ್ಟಿಗೆ ಗೋಡೆಯ ಪ್ಲಗ್ಗಿನಿಂದ ಎಳೆಯುವ ವಿದ್ಯುತ್ತೇ ಇಪ್ಪತ್ತೋ ಮೂವತ್ತೋ ವ್ಯಾಟ್! ಇಪ್ಪತ್ತು ಲೀಟರ್ ಹಾಲು ಹೆಪ್ಪು ಹಾಕಿ ಸಾವಿರ ಲೀಟರ್ ಮಜ್ಜಿಗೆ ಕಡೆದ ಹಾಗೆ. ಒಳಗೆ ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಾದ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಅದನ್ನು ಬಿಚ್ಚಿ ನೋಡುವವರು ಯಾರೂ ಇರಲಿಲ್ಲ.

ಈ ಸುಳ್ಳು ನಮ್ಮದು ಮಾತ್ರವಲ್ಲ. ಅಮೆರಿಕದಲ್ಲೂ ಅರುವತ್ತರ ದಶಕದಲ್ಲಿ ಕಂಪನಿಗಳು ಬಾಯಿಗೆ ಬಂದ ವ್ಯಾಟ್ ಹೇಳುತ್ತಿದ್ದವು. ಕೊನೆಗೆ 1974ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮವೊಂದನ್ನು ತಂದಿತು. ಆಂಪ್ಲಿಫೈಯರನ್ನು ಮೂರನೇ ಒಂದು ಭಾಗದಷ್ಟು ಶಕ್ತಿಯಲ್ಲಿ ಒಂದು ಗಂಟೆ ಓಡಿಸಿ, ಬಿಸಿಯಾದ ಮೇಲೂ ಅದು ಎಡೆಬಿಡದೆ ಕೊಡುವ ಶಕ್ತಿಯನ್ನೇ ಜಾಹೀರಾತಿನಲ್ಲಿ ಹೇಳಬೇಕು ಎಂಬುದು ಆ ನಿಯಮ. ಸ್ಟಿಕ್ಕರ್ ಅಂಟಿಸಿ ದಾಟಿಕೊಳ್ಳುವಂತಿರಲಿಲ್ಲ. ದೊಡ್ಡ ಟ್ರಾನ್ಸ್‌ಫಾರ್ಮರ್, ದಪ್ಪ ಹೀಟ್‌ಸಿಂಕ್ ಹಾಕಲೇಬೇಕಾಯಿತು. ಎಪ್ಪತ್ತರ ದಶಕದ ಕೊನೆಯ ಜಪಾನಿ ಸೆಟ್‌ಗಳು ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರವಿರುವುದಕ್ಕೆ ಇದೂ ಒಂದು ಕಾರಣ. ಹಳೆಯ ಆಂಪ್ಲಿಫೈಯರ್ ಹುಡುಕುವವರು ಆ ವರ್ಷಗಳ ಸುತ್ತಲೇ ಸುತ್ತುವುದೂ ಅದಕ್ಕೇ.

ನಾನು ಕುಂದಾಪುರದ ಕಡೆಯವನು. ಮೊದಲು ವಿಜಯವಾಡದಲ್ಲಿ ಮೂರು ವರ್ಷ ಇದ್ದೆ. ಈಗ ವಿಶಾಖಪಟ್ಟಣದಲ್ಲಿ, ಗಾಜುವಾಕದ ಬಳಿಯ ಕಾರ್ಖಾನೆಯೊಂದರ ವಿದ್ಯುತ್ ವಿಭಾಗದಲ್ಲಿ ಎಂಜಿನಿಯರ್. ಅರಬ್ಬಿ ಸಮುದ್ರ ಬಿಟ್ಟು ಬಂಗಾಳ ಕೊಲ್ಲಿಯ ದಡಕ್ಕೆ ಬಂದರೂ ಉಪ್ಪುಗಾಳಿ ತಪ್ಪಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಪ್ಪಯ್ಯ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ತೆಲುಗು ಬರುವುದಿಲ್ಲ. ಕೆಳಗಿನ ಪಾರ್ಕಿನಲ್ಲಿ ಕೂತು ಮಾತಾಡುವ ಓರಗೆಯವರೊಂದಿಗೆ ನಕ್ಕು ತಲೆಯಾಡಿಸಿ ಬರುತ್ತಾರೆ, ಅಷ್ಟೆ. ಹಾಗಾಗಿ ಊರಿಂದ ತಂದ ಯಕ್ಷಗಾನದ ಕ್ಯಾಸೆಟ್‌ಗಳೇ ಅವರ ಸಂಗಾತಿ. ಕಾಳಿಂಗ ನಾವಡರ ಪದ್ಯ ಕೇಳದೆ ಅವರ ಸಂಜೆ ಮುಗಿಯುವುದಿಲ್ಲ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಡಗಿನ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಮಕ್ಕಳ ಬಳಿಗೆ ಹೊರಟಾಗ ತಮ್ಮ ಒಂದು ಜೊತೆ ಸ್ಪೀಕರನ್ನು ನನಗೆ ಕೊಟ್ಟರು. ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಎಆರ್-3ಎ. 1967ರಲ್ಲಿ ಬಂದ ಮಾದರಿ. ಹೈ-ಫೈ ಹುಚ್ಚು ಇರುವವರಿಗೆ ಹೆಸರು ಸಾಕು. ಇಲ್ಲದವರಿಗೆ ಅದರ ಸ್ವಭಾವವನ್ನು ಸ್ವಲ್ಪ ಹೇಳಬೇಕು, ಯಾಕೆಂದರೆ ಆಂಪ್ಲಿಫೈಯರ್ ಆರಿಸುವ ಕೆಲಸ ಶುರುವಾಗುವುದೇ ಸ್ಪೀಕರಿನಿಂದ.

ಸ್ಪೀಕರಿಗೆ ಹಸಿವು ಯಾಕೆ?

1954ರಲ್ಲಿ ಎಡ್ಗರ್ ವಿಲ್ಚರ್ ಎಂಬವರು ಈ ಕಂಪನಿ ಶುರುಮಾಡಿದಾಗ ತಂದ ಹೊಸ ಉಪಾಯವೆಂದರೆ ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆ. ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗಿನಂತೆ ವೂಫರನ್ನು ಹಿಡಿದು ನಿಲ್ಲಿಸುತ್ತದೆ. ಅದುವರೆಗೆ ಆಳವಾದ ಬಾಸ್ ಬೇಕೆಂದರೆ ಗೋದ್ರೇಜ್ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ವಿಲ್ಚರ್ ಅದನ್ನು ಶೆಲ್ಫಿನ ಮೇಲೆ ಇಡುವಷ್ಟು ಚಿಕ್ಕದು ಮಾಡಿದರು. ಆದರೆ ಪುಕ್ಕಟೆಯಾಗಿ ಯಾವುದೂ ಸಿಗುವುದಿಲ್ಲವಲ್ಲ! ಸಣ್ಣ ಪೆಟ್ಟಿಗೆಯಿಂದ ಆಳವಾದ ಸ್ವರ ತೆಗೆಯಬೇಕಾದರೆ ಸ್ಪೀಕರ್ ಹೆಚ್ಚು ವಿದ್ಯುತ್ ತಿನ್ನುತ್ತದೆ. ಸಾಲದ್ದಕ್ಕೆ ಎಆರ್-3ಎ 4 ಓಮ್‌ನ ಸ್ಪೀಕರ್.

ಈ ಓಮ್ ಲೆಕ್ಕವನ್ನು ಮನೆಯ ನೀರಿನ ಟ್ಯಾಂಕಿಗೆ ಹೋಲಿಸಿದರೆ ಸುಲಭ. ಟ್ಯಾಂಕಿನ ಎತ್ತರವೇ ವೋಲ್ಟೇಜ್. ಓಮ್ ಎಂದರೆ ಪೈಪಿನ ಬಿಗಿ. 8 ಓಮ್ ಕಿರಿದಾದ ಪೈಪು, 4 ಓಮ್ ಅಗಲದ ಪೈಪು. 8 ಓಮ್ ಸ್ಪೀಕರಿಗೆ 100 ವ್ಯಾಟ್ ಕೊಡಲು ಸುಮಾರು 28 ವೋಲ್ಟ್, ಮೂರೂವರೆ ಆಂಪಿಯರ್ ಸಾಕು. ಅದೇ 28 ವೋಲ್ಟಿಗೆ 4 ಓಮ್ ಸ್ಪೀಕರ್ ಸಿಕ್ಕಿಸಿದರೆ ಏಳು ಆಂಪಿಯರ್ ಎಳೆಯುತ್ತದೆ. ಕೊಡುವ ತಾಕತ್ತಿದ್ದರೆ 200 ವ್ಯಾಟ್ ಹರಿಯುತ್ತದೆ. ಇಲ್ಲದಿದ್ದರೆ ಟ್ಯಾಂಕು ಖಾಲಿ. ಆಂಪ್ಲಿಫೈಯರಿನಲ್ಲಿ ಪಂಪಿನ ಕೆಲಸ ಟ್ರಾನ್ಸ್‌ಫಾರ್ಮರಿನದು, ಟ್ಯಾಂಕಿನ ಕೆಲಸ ಡಬ್ಬಿಯಂಥ ದೊಡ್ಡ ಕೆಪಾಸಿಟರ್‌ಗಳದು.

ಇನ್ನು ಚೆಂಡೆ. ಶಬ್ದ 10 ಡೆಸಿಬೆಲ್ ಏರಬೇಕೆಂದರೆ ಶಕ್ತಿ ಹತ್ತು ಪಟ್ಟು ಬೇಕು, 20 ಡೆಸಿಬೆಲ್ ಏರಬೇಕೆಂದರೆ ನೂರು ಪಟ್ಟು. ಭಾಗವತರು ಪದ್ಯ ಎಳೆಯುವಾಗ ನಮ್ಮ ಹಾಲಿಗೆ ಒಂದು ವ್ಯಾಟ್ ಧಾರಾಳ. ಆದರೆ ಚೆಂಡೆಯ ಪೆಟ್ಟು ಬಿದ್ದ ಆ ಗಳಿಗೆಯಲ್ಲಿ ಶಬ್ದ 15–20 ಡೆಸಿಬೆಲ್ ಮೇಲಕ್ಕೆ ಹಾರುತ್ತದೆ. ಒಂದು ವ್ಯಾಟಿನಲ್ಲಿ ಹಾಡುತ್ತಿದ್ದ ಯಂತ್ರದಿಂದ ಕಣ್ಣು ಮಿಟುಕಿಸುವುದರೊಳಗೆ ನೂರು ವ್ಯಾಟ್ ಕೇಳುತ್ತದೆ. ಕೊಡಲಾಗದಿದ್ದರೆ ಅಲೆಯ ನೆತ್ತಿಯನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ. ಇದನ್ನೇ ಕ್ಲಿಪ್ಪಿಂಗ್ ಅನ್ನುವುದು. ಕಿವಿಗೆ ಕರ್ಕಶವಾಗಿ ಕೇಳುವುದು ಒಂದು ಕಡೆಯಾದರೆ, ಕತ್ತರಿಸಿದ ಅಲೆಯಲ್ಲಿ ಹುಟ್ಟುವ ಮೇಲಿನ ಸ್ವರಗಳೆಲ್ಲ ಹೋಗಿ ಸೇರುವುದು ನಾಜೂಕಾದ ಟ್ವೀಟರಿಗೆ. ದುರ್ಬಲ ಆಂಪ್ಲಿಫೈಯರಿನ ವಾಲ್ಯೂಮ್ ತುದಿಗೇರಿಸಿ ಟ್ವೀಟರ್ ಸುಟ್ಟುಕೊಳ್ಳುವುದು ಹೀಗೆ. ಎಆರ್-3ಎಯ ಟ್ವೀಟರ್ ಸುಟ್ಟರೆ ಅಂಗಡಿಯಲ್ಲಿ ಹೊಸದು ಸಿಗುವುದಿಲ್ಲ.

ಮನೆಯಲ್ಲಿದ್ದ ಹೋಮ್ ಥಿಯೇಟರ್ ಪೆಟ್ಟಿಗೆಗೆ ಈ ಸ್ಪೀಕರ್ ಸಿಕ್ಕಿಸಿದ್ದೆವು. ಒಂದು ಮಟ್ಟ ದಾಟಿದರೆ ಅದು ‘ಪ್ರೊಟೆಕ್ಟ್’ ಎಂದು ತೋರಿಸಿ ಸುಮ್ಮನಾಗುತ್ತಿತ್ತು. ಅಪ್ಪಯ್ಯನ ತೀರ್ಪು ಚಿಕ್ಕದು: “ಇದ್ ಚೆಂಡಿ ಅಲ್ಲ ಮಗಾ, ಡಬ್ಬಿ ಬಡ್ದಂಗ್ ಇತ್ತ್.”

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವ್ಯಾಟ್ ಮಾತ್ರವೇ ಬೇಕಿದ್ದರೆ ಹಳೆಯ ಸೆಟ್ಟಿನ ಸಹವಾಸವೇ ಬೇಡ. ಈಗಿನ ಕ್ಲಾಸ್-ಡಿ ಆಂಪ್ಲಿಫೈಯರ್‌ಗಳು ಊಟದ ಡಬ್ಬಿಯಷ್ಟು ಗಾತ್ರದಲ್ಲಿ, ಕಡಿಮೆ ದುಡ್ಡಿಗೆ, 4 ಓಮ್‌ಗೆ ಬೇಕಾದಷ್ಟು ಶಕ್ತಿ ಕೊಡುತ್ತವೆ. ನನಗೆ ಕ್ಯಾಸೆಟ್ ಡೆಕ್ಕಿಗೂ ರೆಕಾರ್ಡ್ ಪ್ಲೇಯರಿಗೂ ಜಾಗವಿರುವ ಸೆಟ್ ಬೇಕಿತ್ತು. ಕೆಟ್ಟರೆ ಬೋರ್ಡನ್ನೇ ಎಸೆಯುವ ಬದಲು ಬಿಡಿಭಾಗ ಬದಲಾಯಿಸಿ ಮತ್ತೆ ಓಡಿಸುವಂತಿರಬೇಕು ಎಂಬ ಆಸೆಯೂ ಇತ್ತು. ಉಪ್ಪುಗಾಳಿಯ ಊರಿನಲ್ಲಿ ಕೆಡುವುದಂತೂ ಗ್ಯಾರಂಟಿ.

ಗವರ್ನರ್‌ಪೇಟೆಯ ಬಾಬಾಯಿಗಾರು

ಇಂಥ ವಿಷಯಕ್ಕೆ ನಾನು ಮೊದಲು ಫೋನ್ ಮಾಡುವುದು ವಿಜಯವಾಡದ ಗವರ್ನರ್‌ಪೇಟೆಯ ಗಲ್ಲಿಯೊಂದರ ಹಿರಿಯ ಮೆಕ್ಯಾನಿಕ್‌ಗೆ. ವಯಸ್ಸು ಎಪ್ಪತ್ತು ದಾಟಿದೆ. ನಾನು ಅವರನ್ನು ಬಾಬಾಯಿಗಾರು ಅನ್ನುತ್ತೇನೆ, ತೆಲುಗಿನಲ್ಲಿ ಚಿಕ್ಕಪ್ಪ ಎಂದರ್ಥ. ಅವರಿಗೆ ನಾನು ‘ಬಾಬು’. ವಿಜಯವಾಡದಲ್ಲಿದ್ದಾಗ ಕ್ಯಾಸೆಟ್ ಡೆಕ್ ರಿಪೇರಿಗೆ ಹೋಗಿ ಆದ ಪರಿಚಯ. ಅವರ ಡ್ರಾಯರಿನಲ್ಲಿ ಎಸಿ-127, ಎಸಿ-128 ಎಂಬ ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು ಇನ್ನೂ ಇವೆ. ಅವುಗಳ ಮೇಲೆ ಬಿಇಎಲ್ ಮುದ್ರೆ. “ಇದಿ ಮೀ ಬೆಂಗಳೂರು ಸರುಕು” ಎಂದು ತೋರಿಸಿದ್ದರು. 1954ರಲ್ಲಿ ಹುಟ್ಟಿದ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯ ವಾಲ್ವ್, ಟ್ರಾನ್ಸಿಸ್ಟರ್‌ಗಳು ಒಂದು ಕಾಲದಲ್ಲಿ ದೇಶದ ರೇಡಿಯೊಗಳ ಹೊಟ್ಟೆಯಲ್ಲೆಲ್ಲ ಇದ್ದವು. ಅದೇ ಬಿಇಎಲ್ 1983ರಲ್ಲಿ ಆಂಧ್ರ ಸೈಂಟಿಫಿಕ್ ಕಂಪನಿಯನ್ನು ವಹಿಸಿಕೊಂಡು, ವಿಜಯವಾಡದಿಂದ ಎರಡು ಗಂಟೆ ದಾರಿಯ ಮಚಲಿಪಟ್ಟಣದಲ್ಲೂ ಘಟಕ ನಡೆಸುತ್ತಿದೆ. ಪರವೂರಿನ ಡ್ರಾಯರಿನಲ್ಲಿ ನಮ್ಮೂರಿನ ಮುದ್ರೆ ಕಂಡರೆ ಆಗುವ ಖುಷಿ ನಿಮಗೂ ಗೊತ್ತಿರುತ್ತದೆ.

ನನ್ನ ಪಟ್ಟಿಯನ್ನು ಅವರ ಮುಂದಿಟ್ಟೆ. ಹೈದರಾಬಾದಿನಲ್ಲಿ ಒಬ್ಬರ ಬಳಿ ಮರಾಂಟ್ಜ್ 2270 ಇತ್ತು. 1971ರ ರಿಸೀವರ್, ಚಾನೆಲ್‌ಗೆ 70 ವ್ಯಾಟ್. ಕೇಳಲು ಇಂಪು. ಆದರೆ ಅದರ ನೀಲಿ ಡಯಲ್‌ಗೆ ಮನಸೋಲುವವರು ಜಾಸ್ತಿಯಾಗಿ ಬೆಲೆಯ ಅರ್ಧ ಆ ಬೆಳಕಿಗೇ ಕೊಡಬೇಕು. ಚೆನ್ನೈಯಲ್ಲಿ ಇಂಗ್ಲೆಂಡಿನ ಕ್ವಾಡ್ 405 ಇತ್ತು. 1975ರ ವಿನ್ಯಾಸ, 100 ವ್ಯಾಟ್, ಜಾಣತನದ ಸರ್ಕ್ಯೂಟ್. ಆದರೆ ಅದರೊಳಗೆ ಕರೆಂಟಿಗೆ ಮಿತಿ ಹಾಕುವ ಏರ್ಪಾಡಿದೆ. ಓಮ್ ಕಡಿಮೆಯಾದಷ್ಟೂ ಆ ಮಿತಿ ಬೇಗ ಬಿಗಿಯಾಗುತ್ತದೆ. ಮುಂದೆ ಬಂದ 405-2ರಲ್ಲಿ ಅದನ್ನು ಸಡಿಲಿಸಿದರು. ಅಲ್ಲದೆ ಅದಕ್ಕೆ ಪ್ರಿಆಂಪ್ ಬೇರೆ ಕೊಳ್ಳಬೇಕು. ಮೂರನೆಯದು ನಮ್ಮ ವಿಶಾಖಪಟ್ಟಣದಲ್ಲೇ, ಸೀತಮ್ಮಧಾರದ ಒಂದು ಮನೆಯಲ್ಲಿತ್ತು. ಅಮೆರಿಕದಿಂದ ಮರಳಿದವರು ತಂದ ಪಯೋನಿಯರ್ ಎಸ್‌ಎಕ್ಸ್-1250. 1976ರ ಮಾದರಿ, ಚಾನೆಲ್‌ಗೆ 160 ವ್ಯಾಟ್, ತೂಕ ಸುಮಾರು 29 ಕಿಲೊ. ಒಂದು ಚಾನೆಲ್ ಸತ್ತಿತ್ತು. ಕೇಳಿದ ಬೆಲೆ 60 ಸಾವಿರ.

ಬಾಬಾಯಿಗಾರು ವ್ಯಾಟ್ ಕೇಳಲೇ ಇಲ್ಲ. “ವ್ಯಾಟ್ಸ್ ಕಾದು ಬಾಬು, ಟ್ರಾನ್ಸ್‌ಫಾರ್ಮರ್ ಚೂಡಂಡಿ” ಅಂದರು. ವ್ಯಾಟ್ ಅಲ್ಲ, ಟ್ರಾನ್ಸ್‌ಫಾರ್ಮರ್ ನೋಡಿ ಎಂದು. ಆಮೇಲೆ ಅವರು ಕೇಳಿದ್ದೆಲ್ಲ ಒಳಗಿನ ಸಾಮಾನಿನ ಬಗ್ಗೆ. ಎಸ್‌ಟಿಕೆ ಮಾಡ್ಯೂಲ್ ಇರುವ ಸೆಟ್ ತರಬೇಡಿ ಅಂದರು. ಇಡೀ ಆಂಪ್ಲಿಫೈಯರನ್ನು ಒಂದೇ ಕಪ್ಪು ಇಟ್ಟಿಗೆಯಲ್ಲಿ ಹುದುಗಿಸಿದ ಆ ಮಾಡ್ಯೂಲ್‌ಗಳ ಅಸಲಿ ತಯಾರಿಕೆ ನಿಂತಿದೆ, ಪೇಟೆಯಲ್ಲಿ ನಕಲಿಯೇ ಜಾಸ್ತಿ. ಸೋನಿ, ಯಮಾಹಾ ಎಪ್ಪತ್ತರ ದಶಕದಲ್ಲಿ ಹಾಕಿದ ವಿ-ಫೆಟ್ ಎಂಬ ವಿಶೇಷ ಟ್ರಾನ್ಸಿಸ್ಟರಿನ ಸೆಟ್‌ಗಳು ಬೇಡವೇ ಬೇಡ. ಧ್ವನಿ ಅಮೃತದಂತಿದ್ದರೂ ಸುಟ್ಟ ದಿನ ಬದಲಿ ಇಲ್ಲ. ಈಗಲೂ ತಯಾರಾಗುತ್ತಿರುವ ಟ್ರಾನ್ಸಿಸ್ಟರ್‌ಗಳನ್ನು ಕೂರಿಸಬಹುದಾದ ಸಾದಾ ಸರ್ಕ್ಯೂಟ್, ದೊಡ್ಡ ಟ್ರಾನ್ಸ್‌ಫಾರ್ಮರ್, ದೊಡ್ಡ ಕೆಪಾಸಿಟರ್ ಇದ್ದರೆ ಒಂದು ಚಾನೆಲ್ ಸತ್ತಿದ್ದರೂ ಚಿಂತೆಯಿಲ್ಲ ಅಂದರು.

ಎಸ್‌ಎಕ್ಸ್-1250ರೊಳಗೆ 22,000 ಮೈಕ್ರೊಫ್ಯಾರಡಿನ ನಾಲ್ಕು ಕೆಪಾಸಿಟರ್‌ಗಳಿವೆ. ಅಲ್ಲಿಗೆ ಆಯ್ಕೆ ಮುಗಿಯಿತು. ರತ್ನಾಚಲ್ ಎಕ್ಸ್‌ಪ್ರೆಸ್ಸಿನ ಸೀಟಿನಡಿ ಅದು ಹಿಡಿಸುವುದಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ 350 ಕಿಲೋಮೀಟರ್ ಆಚೆಯ ವಿಜಯವಾಡಕ್ಕೆ ಒಯ್ದೆ.

ಬೇಕೆಂದೇ ಬಿಟ್ಟುಕೊಟ್ಟ ವ್ಯಾಟ್

ಅಮೆರಿಕದ ಸೆಟ್ ಎಂದರೆ 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ವೋಲ್ಟ್ ಇಳಿಸಲು ಸ್ಟೆಪ್‌ಡೌನ್ ಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಹರ್ಟ್ಸ್ ಕಡೆಗೆ ಹೆಚ್ಚಿನವರು ಗಮನ ಕೊಡುವುದಿಲ್ಲ. 60 ಹರ್ಟ್ಸ್‌ಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರಿಗೆ 50 ಹರ್ಟ್ಸ್ ಕೊಟ್ಟರೆ, ವೋಲ್ಟ್ ಅಷ್ಟೇ ಇದ್ದರೂ ಅದರ ಕಬ್ಬಿಣದೊಳಗಿನ ಕಾಂತಕ್ಷೇತ್ರ 20 ಶೇಕಡಾ ಹೆಚ್ಚುತ್ತದೆ. ಬಿಸಿಯಾಗುತ್ತದೆ, ಗುಂಯ್‌ಗುಡುತ್ತದೆ. ಹಿಂದಿನ ಪಟ್ಟಿಯಲ್ಲಿ 50/60 ಎಂದು ಬರೆದಿದ್ದರೆ ಭಯವಿಲ್ಲ. 60 ಮಾತ್ರ ಇದ್ದರೆ ವೋಲ್ಟನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು, ಅಂದರೆ 100 ವೋಲ್ಟಿಗೆ.

ಆಟೋನಗರದಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವ ಒಬ್ಬರ ಬಳಿ 2 ಕೆವಿಎ ಸ್ಟೆಪ್‌ಡೌನ್ ಸುತ್ತಿಸಿದೆ. 100, 110, 115 ಎಂದು ಮೂರು ಟ್ಯಾಪ್. ಬೆಲೆ ಕಡಿಮೆಯಿರುವ ಆಟೊ ಟ್ರಾನ್ಸ್‌ಫಾರ್ಮರ್ ಅಲ್ಲ, ಎರಡು ಸುರುಳಿ ಬೇರೆ ಬೇರೆಯಾಗಿರುವುದು. ಹಳೆಯ ಸೆಟ್ಟಿನ ಲೋಹದ ಮೈಗೆ ಅದೇ ಕ್ಷೇಮ. 100ರ ಟ್ಯಾಪಿನಲ್ಲಿ ಓಡಿಸಿದರೆ 160 ವ್ಯಾಟಿನ ಸೆಟ್ ಸುಮಾರು 110 ವ್ಯಾಟಿಗೆ ಇಳಿಯುತ್ತದೆ. “ಐವತ್ತು ವ್ಯಾಟ್ ಹೋಯಿತಲ್ಲ!” ಅನ್ನಿಸಬಹುದು. ಡೆಸಿಬೆಲ್ ಲೆಕ್ಕದಲ್ಲಿ ಅದು ಒಂದೂವರೆ ಚಿಲ್ಲರೆ, ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಸೆಟ್ಟು ಮಾತ್ರ ತಣ್ಣಗಿರುತ್ತದೆ. ರಾತ್ರಿ ಲೈನ್ ವೋಲ್ಟೇಜ್ 250ಕ್ಕೆ ಏರಿದರೂ ಒಳಗೆ ಹೋಗುವುದು 110ರ ಒಳಗೇ.

ಬಾಬಾಯಿಗಾರು ಮೂರು ವಾರ ತೆಗೆದುಕೊಂಡರು. ಸತ್ತ ಚಾನೆಲ್ಲಿನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನಷ್ಟೇ ಬದಲಾಯಿಸಿ ಕೈತೊಳೆಯಲಿಲ್ಲ. ಎರಡೂ ಚಾನೆಲ್‌ಗೆ ಒಂದೇ ಬಗೆಯವು ಹಾಕಿದರು. ಒಣಗಿದ ಸಣ್ಣ ಕೆಪಾಸಿಟರ್‌ಗಳು, ಕರಕಲಾದ ರಿಲೇ ಎಲ್ಲ ಹೊಸದಾದವು. ಜಪಾನಿ ಸೆಟ್‌ಗಳಲ್ಲಿ ಬಿಡಿಭಾಗ ಅಲುಗಾಡದಂತೆ ಹಚ್ಚಿದ ಅಂಟು ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗಿ ತಂತಿಯ ಕಾಲುಗಳನ್ನು ತಿನ್ನುತ್ತದೆ. ಅದನ್ನು ಒಂದೊಂದಾಗಿ ಕೆರೆದು ತೆಗೆದರು. ಸ್ಪೀಕರಿನೊಳಗಿನ ಕಂಟ್ರೋಲ್‌ಗಳಿಗೂ ತುಕ್ಕು ಹಿಡಿದಿತ್ತು, ಅದು ಎಆರ್-3ಎಯ ಹುಟ್ಟುರೋಗ. ಅವನ್ನೂ ಬಿಚ್ಚಿ ತೊಳೆದರು. ರಿಪೇರಿಗೆ 22 ಸಾವಿರ, ಸ್ಟೆಪ್‌ಡೌನ್‌ಗೆ 9 ಸಾವಿರ. ಸೆಟ್ಟಿನ ಬೆಲೆ ಸೇರಿ 91 ಸಾವಿರ. ಮನೆಯಲ್ಲಿ ಈ ಮೊತ್ತದ ಬಗ್ಗೆ ನಡೆದ ಚರ್ಚೆಯನ್ನು ಇಲ್ಲಿ ಬರೆಯುವುದಿಲ್ಲ!

ಮೊದಲ ಸಂಜೆ ಅಪ್ಪಯ್ಯ ಕಣ್ಣು ಮುಚ್ಚಿ ಕೂತರು. ಏರುಪದ್ಯ ಬಂತು, ಚೆಂಡೆ ಬಿತ್ತು. ಕಿಟಕಿಯ ಗಾಜು ಸಣ್ಣಗೆ ನಡುಗಿತು. “ಹೂಂ, ಈಗ ಚರ್ಮದ್ ಶಬ್ದ ಬಂತ್ ಕಾಣ್” ಅಂದರು. ಈಗ ಎದುರು ಮನೆಯ ತೆಲುಗಿನ ಹಿರಿಯರೂ ಸಂಜೆ ಬಂದು ಕೂರುತ್ತಾರೆ. ಅವರಿಗೆ ಪದ್ಯದ ಅರ್ಥ ತಿಳಿಯದು, ಅಪ್ಪಯ್ಯನಿಗೆ ಅವರ ಮಾತು ತಿಳಿಯದು. ಚೆಂಡೆ ಬಿದ್ದಾಗ ಇಬ್ಬರೂ ಒಟ್ಟಿಗೆ ತಲೆದೂಗುತ್ತಾರೆ.

ದುಡ್ಡು ಎಣಿಸುವ ಮೊದಲು

ನಿಮ್ಮಲ್ಲಿ ಯಾರಾದರೂ ಹಳೆಯ ಸೆಟ್ ಕೊಳ್ಳಲು ಹೊರಟಿದ್ದರೆ, ನನ್ನ ಅನುಭವಕ್ಕೆ ಬಂದ ಕೆಲವು ಮಾತು.

ಮೊದಲ ಸಲ ಕರೆಂಟು ಕೊಡುವಾಗ ಸೀರೀಸ್ ಬಲ್ಬ್ ಹಾಕಿಸಿ. 100 ವ್ಯಾಟಿನ ಹಳೆಯ ತಂತಿ ಬಲ್ಬು ಸೆಟ್ಟಿನ ಜೊತೆ ಸಾಲಾಗಿ ಇದ್ದರೆ, ಒಳಗೆ ಶಾರ್ಟ್ ಇದ್ದಲ್ಲಿ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ ಉಳಿಯುತ್ತದೆ. ಒಮ್ಮೆ ಹೊತ್ತಿ ಮಂಕಾದರೆ ಒಳ್ಳೆಯ ಲಕ್ಷಣ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು.

ಸ್ಪೀಕರ್ ಸಿಕ್ಕಿಸುವ ಮೊದಲು ಆ ಟರ್ಮಿನಲ್‌ಗಳಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟಿನ ಒಳಗಿದ್ದರೆ ಸರಿ. ವೋಲ್ಟ್‌ಗಟ್ಟಲೆ ಇದ್ದರೆ ನಿಮ್ಮ ವೂಫರ್ ಹೊಗೆಯಾಡುತ್ತದೆ. ಆನ್ ಮಾಡಿ ಕೆಲವು ಸೆಕೆಂಡಿಗೆ ರಿಲೇ ‘ಟಿಕ್’ ಅನ್ನಬೇಕು. ಅರ್ಧ ಗಂಟೆ ಕಳೆದು ಮುಟ್ಟಿದರೆ ಎರಡೂ ಬದಿಯ ಹೀಟ್‌ಸಿಂಕ್ ಒಂದೇ ಸಮ ಬೆಚ್ಚಗಿರಬೇಕು.

ತಳದ ತಗಡು ತಪ್ಪದೆ ನೋಡಿ. ವಿಶಾಖಪಟ್ಟಣ 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಕಂಡಿದೆ, ವಿಜಯವಾಡದ ಸಿಂಗ್‌ನಗರದ ಕಡೆ 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ಮನೆಗಳೊಳಗೆ ನೀರು ನಿಂತಿತ್ತು. ನೀರು ಕುಡಿದ ಸೆಟ್ಟಿನ ಮುಂಭಾಗವನ್ನು ಎಷ್ಟು ಒರೆಸಿದರೂ ತಳದ ಸ್ಕ್ರೂಗಳಲ್ಲಿ ತುಕ್ಕು, ಮೂಲೆಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಇಷ್ಟೆಲ್ಲ ಓದಿ ನೀವೇ ಮುಚ್ಚಳ ತೆಗೆಯಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಆ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟು ಕೂತಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು: ಸೆಟ್ ಆರಿಸುವ ಮೊದಲು ಮೆಕ್ಯಾನಿಕ್ ಆರಿಸಿಕೊಳ್ಳಿ. ಐವತ್ತು ವರ್ಷದ ಯಂತ್ರ ಕೊಳ್ಳುವುದೆಂದರೆ ಅದನ್ನು ಬಲ್ಲ ಒಬ್ಬ ಮನುಷ್ಯನ ಜೊತೆ ನಂಟು ಬೆಳೆಸಿದಂತೆ. ಅವರಿಗೆ ಯಾವ ಸರ್ಕ್ಯೂಟ್ ಕೈವಶವೋ, ಯಾವುದಕ್ಕೆ ಸಾಮಾನು ಸಿಗುತ್ತದೋ ಕೇಳಿ, ಆಮೇಲೆ ಮಾದರಿ ನಿರ್ಧರಿಸಿ. ಪುಣೆಯಲ್ಲಿರಲಿ, ಕೊಯಮತ್ತೂರಿನಲ್ಲಿರಲಿ, ಹಳೆಯ ರೇಡಿಯೊ ಅಂಗಡಿಯ ಒಳಕೋಣೆಯಲ್ಲಿ ಅಂಥವರು ಒಬ್ಬರಾದರೂ ಇರುತ್ತಾರೆ. ಆದರೆ ಅವರ ಸಂಖ್ಯೆ ಕಡಿಮೆಯಾಗುತ್ತಿದೆ. ಬಾಬಾಯಿಗಾರು ಅವರ ಮಗ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಅಂಗಡಿಗೆ ಕಲಿಯಲು ಬರುವ ಹುಡುಗರು ಮೊಬೈಲ್ ರಿಪೇರಿ ಕೇಳುತ್ತಾರೆ.

ಈ ಸಲ ಹೋದಾಗ ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿದ್ದೆ. ನನ್ನ ಸೆಟ್ಟಿಗೆ ಹಾಕಿದ ಟ್ರಾನ್ಸಿಸ್ಟರ್‌ಗಳ ನಂಬರು, ಎಲ್ಲಿ ಎಷ್ಟು ವೋಲ್ಟ್ ಇರಬೇಕು, ಬಯಸ್ ಎಷ್ಟಕ್ಕೆ ತಿರುಗಿಸಬೇಕು ಎಲ್ಲವನ್ನೂ ಅವರು ತೆಲುಗಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಬರೆದುಕೊಂಡೆ. ಹದಿನಾಲ್ಕು ಪುಟವಾಗಿದೆ. ಟ್ಯೂನರ್ ಭಾಗ ಇನ್ನೂ ಬಾಕಿಯಿದೆ. ಸಂಕ್ರಾಂತಿ ರಜೆಯಲ್ಲಿ ಬನ್ನಿ ಎಂದಿದ್ದಾರೆ.